ಇಜೆನ್ ಜ್ವಾಲಾಮುಖಿಯ ಬಾಯಿಗೆ ರಾತ್ರಿ ಪ್ರವಾಸ: ಹೋಗಿ, ಆದರೆ ಬಾಲಿಯಿಂದ ಒಂದೇ ರಾತ್ರಿಯಲ್ಲಿ ಬೇಡ

ಬಾಲಿಗೆ ಹೋದವರಿಗೆಲ್ಲ ಈಗ "ನೀಲಿ ಬೆಂಕಿ" (ಜ್ವಾಲಾಮುಖಿಯ ಕುಳಿಯಲ್ಲಿ ನೀಲಿಯಾಗಿ ಉರಿಯುವ ಗಂಧಕ) ಪ್ಯಾಕೇಜ್ ತೋರಿಸುತ್ತಾರೆ. ರಾತ್ರಿ ಹೋಟೆಲಿನಿಂದ ಕರೆದುಕೊಂಡು ಹೋಗಿ, ಸಮುದ್ರ ದಾಟಿಸಿ, ನಸುಕಿಗೆ ಮುಂಚೆ ಪೂರ್ವ ಜಾವಾದ ಇಜೆನ್ ಕುಳಿಯೊಳಗೆ ಇಳಿಸಿ, ಮಾರನೇ ದಿನ ಮಧ್ಯಾಹ್ನ ವಾಪಸ್ ತಂದು ಬಿಡುತ್ತಾರೆ. ನಾನು, ನಮ್ಮನೆಯವರು ಇಬ್ಬರೂ ಆಗಸ್ಟಿನಲ್ಲಿ ಹೀಗೇ ಹೋಗಿ ಬಂದೆವು. ಜಾಗಕ್ಕೆ ಐದಕ್ಕೆ ಐದು ಕೊಡುತ್ತೇನೆ, ನಮ್ಮ ಗೈಡಿಗೂ ಐದು. ಪ್ಯಾಕೇಜಿಗೆ ಎರಡು ಕೊಟ್ಟರೆ ಜಾಸ್ತಿ.

ಮೊದಲು ಸಮಯದ ವಿಷಯ ಹೇಳುತ್ತೇನೆ, ಯಾಕಂದರೆ ಎಲ್ಲ ಕೆಟ್ಟಿದ್ದೇ ಅದರಿಂದ. ನೀಲಿ ಬೆಂಕಿ ಕತ್ತಲಲ್ಲಿ ಮಾತ್ರ ಕಾಣುತ್ತದೆ. ಬೆಳಕು ಹರಿಯಿತೋ, ಉರಿ ಅಲ್ಲೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಬಾಲಿಯ ದಕ್ಷಿಣದಿಂದ ಗಿಲಿಮಾನುಕ್ ಬಂದರಿಗೇ ನಾಲ್ಕು ಗಂಟೆ ದಾರಿ, ಆಮೇಲೆ ದೋಣಿಗೆ ಕಾಯಬೇಕು, ದಾಟಲು ಮುಕ್ಕಾಲು ಗಂಟೆ, ಆಚೆ ಕೆಟಪಾಂಗಿನಲ್ಲಿ ಇಳಿದು ಮತ್ತೆ ಜೀಪು. ಜಾವಾದ ಗಡಿಯಾರ ಬಾಲಿಗಿಂತ ಒಂದು ಗಂಟೆ ಹಿಂದೆ, ಹಾಗಾಗಿ ಒಂದು ಗಂಟೆ ಉಳಿಯಿತು ಅಂದುಕೊಂಡಿದ್ದೆವು. ಅದನ್ನು ದೋಣಿಯ ಸಾಲೇ ನುಂಗಿತು. ನಡಿಗೆ ಶುರುವಾಗುವ ಪಾಲ್ತುಡಿಂಗ್ ತಲುಪಿದಾಗ ಬೇರೆ ಗುಂಪುಗಳೆಲ್ಲ ಆಗಲೇ ಮೇಲೆ ಹೋಗಿದ್ದವು.

ಇನ್ನೊಂದು ಸಿಟ್ಟು. ಬೆಟ್ಟ ಹತ್ತಲು ಆರೋಗ್ಯದ ಸರ್ಟಿಫಿಕೇಟ್ ಬೇಕು. ಒಳ್ಳೆಯ ನಿಯಮ, ನಮ್ಮನೆಯವರಿಗೆ ಬಿಪಿ ಬೇರೆ ಇದೆ. ಆದರೆ ನಮ್ಮ ಕೈಗೆ ಬಂದದ್ದು ಹೆಸರು ತುಂಬಿಸಿ ಮುಗಿಸಿದ ಕಾಗದ. ನಾಡಿ ಕೂಡ ಯಾರೂ ಹಿಡಿದು ನೋಡಲಿಲ್ಲ. ಮೂರನೇ ವಿಷಯ ಮಾಸ್ಕ್. ಕೊಟ್ಟ ಮಾಸ್ಕಿನ ಫಿಲ್ಟರ್ ಹಳೆಯದು, ಕಂದು ಬಣ್ಣಕ್ಕೆ ತಿರುಗಿತ್ತು. ನಮ್ಮ ಗೈಡ್ ಅದನ್ನು ಟಾರ್ಚ್ ಬೆಳಕಿನಲ್ಲಿ ತಿರುಗಿಸಿ ನೋಡಿ, ತಲೆ ಅಲ್ಲಾಡಿಸಿ, ತಮ್ಮ ಚೀಲದಿಂದ ಹೊಸ ಫಿಲ್ಟರ್ ತೆಗೆದು ಇಬ್ಬರಿಗೂ ಹಾಕಿಕೊಟ್ಟರು. ಅವರಿಗೆ ಅದರ ದುಡ್ಡು ಕೊಡುವವರು ಯಾರೂ ಇರಲಿಲ್ಲ.

ಅವರನ್ನು ನಾವು "ಪಾಕ್" ಅಂತಲೇ ಕರೆದೆವು. ಅಲ್ಲಿ ಹಿರಿಯರಿಗೆ ಹಾಗೆ ಅನ್ನುತ್ತಾರೆ, ನಮ್ಮಲ್ಲಿ ಯಜಮಾನ್ರೇ ಅಂದ ಹಾಗೆ. ಮೊದಲು ಇದೇ ಕುಳಿಯಿಂದ ಗಂಧಕ ಹೊರುತ್ತಿದ್ದವರು. ಹೆಗಲ ಮೇಲೆ ಬಿದಿರಿನ ಅಡ್ಡೆ ಇಡುವ ಜಾಗದಲ್ಲಿ ಗಂಟು ಕಟ್ಟಿದೆ. ಹೋಗುವವರು ದಯವಿಟ್ಟು ಇಂಥವರನ್ನೇ ಕೇಳಿ ಗೊತ್ತು ಮಾಡಿಕೊಳ್ಳಿ.

ಪಾಲ್ತುಡಿಂಗ್ ಇರುವುದೇ ಸುಮಾರು 1,850 ಮೀಟರಿನಲ್ಲಿ, ಹತ್ತಿರ ಹತ್ತಿರ ನಮ್ಮ ಮುಳ್ಳಯ್ಯನಗಿರಿಯ ಎತ್ತರ. ಅಲ್ಲಿಂದ 2,386 ಮೀಟರಿನ ಅಂಚಿಗೆ 3 ಕಿಲೋಮೀಟರ್. ಮೊದಲ ಎರಡು ಕಿಲೋಮೀಟರ್ ಬರೀ ಏರು, ಮಂಡಿ ನೋವಿದ್ದರೆ ಕಷ್ಟ. ಏದುಸಿರು ಬಿಟ್ಟಾಗಲೆಲ್ಲ ಪಾಕ್ "ಪೆಲಾನ್ ಪೆಲಾನ್" ಅನ್ನುತ್ತಿದ್ದರು. ನಿಧಾನಕ್ಕೆ ಅಂತ. ಹೊತ್ತಾಗಿದ್ದರೂ ಒಮ್ಮೆಯೂ ಅವಸರ ಮಾಡಲಿಲ್ಲ.

ಅಂಚಿನಿಂದ ಕುಳಿಯೊಳಗೆ ಇಳಿಯುವ ದಾರಿ ಬರೀ ಕಲ್ಲು. ಹೊಗೆ, ಗಾಳಿ ಸರಿ ಇಲ್ಲದಿದ್ದರೆ ಇಳಿಯಲು ಬಿಡುವುದಿಲ್ಲ, ಅಂಥ ದಿನ ಜಗಳ ಆಡಬೇಡಿ. ನಾವು ಇಳಿದಾಗ ಎದುರಿಗೆ ಹೊರೆಯವರು ಬರುತ್ತಿದ್ದರು. ಎರಡು ಬುಟ್ಟಿ, ಒಂದು ಅಡ್ಡೆ, 70ರಿಂದ 90 ಕಿಲೋ. ಅಡ್ಡೆ ಕಿರ್ ಕಿರ್ ಅನ್ನುವ ಸದ್ದು ಮೊದಲು ಕೇಳುತ್ತದೆ, ಆಮೇಲೆ ಮನುಷ್ಯ ಕಾಣುತ್ತಾನೆ. ಬಹಳ ಜನರ ಬಾಯಿಗೆ ಮಾಸ್ಕ್ ಇಲ್ಲ, ಒದ್ದೆ ಬಟ್ಟೆ ಅಷ್ಟೇ. ಅವರು ಬಂದಾಗ ಬೆಟ್ಟದ ಕಡೆಗೆ ಒರಗಿ ನಿಂತು ದಾರಿ ಬಿಡಬೇಕು, ಪ್ರಪಾತದ ಕಡೆಗಲ್ಲ. ಇದನ್ನೂ ಪಾಕ್ ಹೇಳಿಕೊಟ್ಟರು.

ನೀಲಿ ಬೆಂಕಿ ನಮಗೆ ಸಿಕ್ಕಿದ್ದು ಹದಿನೈದು ನಿಮಿಷ. ಅದು ಲಾವಾ ಅಲ್ಲ. ಬಿರುಕಿನಿಂದ ಬರುವ ಗಂಧಕದ ಅನಿಲ 600 ಡಿಗ್ರಿವರೆಗೆ ಕಾದಿರುತ್ತದೆ, ಗಾಳಿ ತಾಕಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಸ್ವಲ್ಪ ಗಂಧಕ ಕರಗಿ, ಉರಿಯುತ್ತಲೇ ಇಳಿಜಾರಿನಲ್ಲಿ ಹರಿಯುತ್ತದೆ. ಒಂದು ಮಾತು ಹೇಳಿಬಿಡುತ್ತೇನೆ, ಫೋಟೋದಲ್ಲಿ ಕಾಣುವ ಹಾಗೆ ಇಡೀ ಬೆಟ್ಟ ನೀಲಿಯಾಗಿ ಇರುವುದಿಲ್ಲ. ಕ್ಯಾಮೆರಾವನ್ನು ಜಾಸ್ತಿ ಹೊತ್ತು ತೆರೆದಿಟ್ಟು ತೆಗೆದ ಫೋಟೋಗಳು ಅವು. ನಿಜಕ್ಕೂ ಕಾಣುವುದು ಹೊಗೆಯ ನಡುವೆ ಎದ್ದು, ಬಗ್ಗಿ, ಮರೆಯಾಗಿ, ಮತ್ತೆ ಬೇರೆ ಕಡೆ ಏಳುವ ಉರಿ. ನನಗೆ ಅದೇ ಫೋಟೋಗಿಂತ ಚೆನ್ನಾಗಿ ಕಂಡಿತು. ಭೂಮಿಯ ಉಸಿರು ಎದುರಿಗೇ ನಿಂತು ನೋಡಿದ ಹಾಗಾಯಿತು, ಕೈ ಮುಗಿದೆ.

ಆಗಲೇ ಗಾಳಿ ತಿರುಗಿತು. ಒಂದೇ ಕ್ಷಣಕ್ಕೆ ಸುತ್ತ ಬಿಳಿ ಹೊಗೆ, ಕಣ್ಣು ಉರಿ, ಗಂಟಲಲ್ಲಿ ಬೆಂಕಿಕಡ್ಡಿ ಗೀರಿದ ಹಾಗೆ. ಓಡಬೇಕು ಅನ್ನಿಸುತ್ತದೆ, ಅಲ್ವಾ? ಪಾಕ್ ನಮ್ಮಿಬ್ಬರ ತೋಳು ಹಿಡಿದು ಕೂರಿಸಿ, ಗಾಳಿಗೆ ಬೆನ್ನು ಮಾಡಿಸಿ, ಹೊಗೆ ಸರಿಯುವವರೆಗೂ ಹಾಗೇ ಹಿಡಿದಿದ್ದರು. ಹೊಸ ಫಿಲ್ಟರ್ ಇಲ್ಲದಿದ್ದರೆ ಏನಾಗುತ್ತಿತ್ತೋ. 2018ರ ಮಾರ್ಚಿನಲ್ಲಿ ಇಲ್ಲಿ ಅನಿಲ ಹೊರಬಂದು ಸುತ್ತಲಿನ ಹಳ್ಳಿಗಳವರೇ ಆಸ್ಪತ್ರೆ ಸೇರಿದ್ದರು, ನೂರಾರು ಜನ ಮನೆ ಬಿಡಬೇಕಾಯಿತು. ಮಾಸ್ಕಿನಲ್ಲಿ ದುಡ್ಡು ಉಳಿಸುವ ಜಾಗ ಇದಲ್ಲ.

ಬೆಳಕಾದ ಮೇಲೆ ಕೆರೆ ಕಂಡಿತು. ಹಸಿರೂ ಅಲ್ಲದ ನೀಲಿಯೂ ಅಲ್ಲದ ಬಣ್ಣ, ಮೇಲೆ ತೆಳು ಆವಿ. ನೋಡಲು ಎಷ್ಟು ಶಾಂತ! ಆದರೆ ಆ ನೀರಿನ ಪಿಎಚ್ 0.5ಕ್ಕಿಂತ ಕಡಿಮೆ, ಬರೀ ಆಸಿಡ್. ಇಂಥ ಆಸಿಡ್ ಕೆರೆಗಳಲ್ಲಿ ಜಗತ್ತಿಗೇ ದೊಡ್ಡದು. ಅಂಚಿನಲ್ಲಿ ನಿಂತು ಫೋಟೋ ತೆಗೆಸುವವರು ಹಿಂದೆ ಹಿಂದೆ ಹೆಜ್ಜೆ ಇಡಬೇಡಿ. 2024ರ ಏಪ್ರಿಲ್‌ನಲ್ಲಿ ಪ್ರವಾಸಿ ಹೆಂಗಸೊಬ್ಬರು ಹಾಗೇ ಬಿದ್ದು ತೀರಿಕೊಂಡರು.

ಕುಳಿಯಲ್ಲಿ ಬಿರುಕಿನ ಅನಿಲವನ್ನು ಪೈಪಿನಲ್ಲಿ ಹಾಯಿಸುತ್ತಾರೆ. ಆ ಪೈಪಿನ ಬಾಯಲ್ಲಿ ಕೆಂಪಗೆ ತೊಟ್ಟಿಕ್ಕುವ ಗಂಧಕ ಆರಿದ ಮೇಲೆ ಹಳದಿಯಾಗುತ್ತದೆ, ಅದನ್ನು ಹಾರೆಯಿಂದ ಒಡೆದು ಬುಟ್ಟಿಗೆ ತುಂಬುತ್ತಾರೆ. ಹೊರುವವರಿಗೆ ಕಿಲೋಗೆ ಎಷ್ಟು ಸಿಗುತ್ತದೆ ಅಂತ ಕೇಳಿದೆ. ಅವರ ದುಡ್ಡಲ್ಲಿ ಸಾವಿರ ಚಿಲ್ಲರೆ, ನಮ್ಮ ಲೆಕ್ಕದಲ್ಲಿ ಹತ್ತು ರೂಪಾಯಿಯೂ ಆಗಲ್ಲ. ಎಲ್ಲಿಗೆ ಹೋಗುತ್ತದೆ ಅಂದರೆ, ಸಕ್ಕರೆ ಬಿಳಿ ಮಾಡಲು ಅಂದರು. ನಾನು ಮಂಡ್ಯದವಳು. ಕಬ್ಬಿನ ಹಾಲಿಗೆ ಗಂಧಕದ ಹೊಗೆ ಹಾಯಿಸುತ್ತಾರೆ ಅಂತ ಚಿಕ್ಕಂದಿನಿಂದ ಕೇಳಿದ್ದೆ, ಗಂಧಕ ಹೊರುವವರ ಹೆಗಲನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಕೆಳಗೆ ಬಂದು ಚಹಾ ಕುಡಿಯುವಾಗ ಸಕ್ಕರೆ ಹಾಕಿಕೊಳ್ಳಲು ಕೈ ಬರಲಿಲ್ಲ.

ಪಾಲ್ತುಡಿಂಗಿನ ಅಂಗಡಿಗಳಲ್ಲಿ ಬಿಸಿ ಬಿಸಿ ಪಿಸಾಂಗ್ ಗೋರೆಂಗ್ ಸಿಗುತ್ತದೆ, ಬಾಳೆಹಣ್ಣಿನ ಬೋಂಡ ಅಂದುಕೊಳ್ಳಿ. ಮಾಂಸ ತಿನ್ನದವರಿಗೆ ಅದೇ ಗತಿ, ರುಚಿ ಚೆನ್ನಾಗಿದೆ. ನಡೆಯಲಾಗದವರನ್ನು ಗಾಡಿಯಲ್ಲಿ ಕೂರಿಸಿ ಎಳೆದುಕೊಂಡು ಹೋಗುತ್ತಾರೆ, ಮೊದಲು ಗಂಧಕ ಹೊತ್ತವರೇ ಎಷ್ಟೋ ಜನ. ವಯಸ್ಸಾದವರು ಸಂಕೋಚ ಪಡದೆ ಹತ್ತಿ, ಆದರೆ ಚೌಕಾಸಿ ಮಾಡಬೇಡಿ.

ಮತ್ತೆ ಹೋದರೆ ಹಿಂದಿನ ದಿನವೇ ದೋಣಿ ದಾಟಿ ಜಾವಾ ಕಡೆಯ ಬನ್ಯುವಾಂಗಿ ಊರಿನಲ್ಲಿ ಉಳಿಯುತ್ತೇನೆ. ಸಂಜೆ ಮಲಗಿ, ರಾತ್ರಿ ಎದ್ದು, ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಬಹುದು. ತಿಂಗಳ ಮೊದಲ ಶುಕ್ರವಾರ ಮುಚ್ಚಿರುತ್ತದೆ, ನೋಡಿಕೊಂಡು ಬುಕ್ ಮಾಡಿ. ದಪ್ಪ ಸ್ವೆಟರ್ ಬೇಕು, ಅದು ಹಳೆಯದಾಗಿರಲಿ, ಮೂರು ಸಲ ಒಗೆದರೂ ವಾಸನೆ ಹೋಗಲ್ಲ. ಬೆಳ್ಳಿ ಒಡವೆ ರೂಮಿನಲ್ಲೇ ತೆಗೆದಿಟ್ಟು ಹೋಗಿ. ನನ್ನ ಬಳೆ ಬೆಳಗಾಗುವುದರೊಳಗೆ ಕಪ್ಪಾಗಿತ್ತು, ಊರಿಗೆ ಬಂದ ಮೇಲೆ ಅಮ್ಮ ವಿಭೂತಿ ಹಾಕಿ ತಿಕ್ಕಿ ತಿಕ್ಕಿ ಬಣ್ಣ ತಂದರು.