ಅಬಾರ್ತ್ ಪುಂಟೊ ಇಟ್ಟುಕೊಂಡಿರುವ ಪುಣೆಯ ಕನ್ನಡಿಗರೇ, ಕ್ಲಚ್ ಸೆಟ್ ಹಾಕಿಸುವ ಮೊದಲು ಇದನ್ನು ಓದಿ

ಕ್ಲಚ್ ಹೋಗಿದೆ ಅಂತ ಗ್ಯಾರೇಜಿನವನು ಹೇಳಿದ ತಕ್ಷಣ ದುಡ್ಡು ಕೊಡಬೇಡಿ. ಮೊದಲು ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ತೋರಿಸು ಅನ್ನಿ. ನನ್ನ ಕೈಯಿಂದ 38,000 ರೂಪಾಯಿ ಹೋಗಿದೆ. ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೆಯುತ್ತಿದ್ದೇನೆ. ಏಕೆಂದರೆ ಸಾತಾರಾ ರಸ್ತೆ ಕಡೆಯ ಆ ಗ್ಯಾರೇಜಿಗೆ ನಮ್ಮವರೇ ಜಾಸ್ತಿ ಹೋಗುತ್ತಾರೆ. ಓನರ್ ಕನ್ನಡದವನು, ನಮ್ಮ ಕಡೆಯವನು ಅನ್ನೋ ಒಂದೇ ನಂಬಿಕೆ.

ಫಿಯಾಟಿನ ಈ ಕಾರು 2015ರಲ್ಲಿ ಬಂದದ್ದು. 1.4 ಲೀಟರ್ ಟರ್ಬೊ ಎಂಜಿನ್, 145 ಎಚ್‌ಪಿ. ತಯಾರಾಗಿದ್ದು ಇಲ್ಲೇ ಪಕ್ಕದ ರಾಂಜಣಗಾಂವ್ ಫ್ಯಾಕ್ಟರಿಯಲ್ಲಿ. ಈಗ ಫಿಯಾಟ್ ಇಲ್ಲಿ ಕಾರು ಮಾರೋದನ್ನೇ ನಿಲ್ಲಿಸಿದೆ. ಪಾರ್ಟ್ ಸಿಗುತ್ತೋ ಇಲ್ವೋ ಅನ್ನೋ ಭಯ ನಮಗೆಲ್ಲ ಇದ್ದೇ ಇರುತ್ತೆ. ಅವನು ಹಿಡಿದದ್ದು ಆ ಭಯವನ್ನೇ.

ಕಾತ್ರಜ್ ಹತ್ತಿರ ಟ್ರಾಫಿಕ್‌ನಲ್ಲಿ ಕ್ಲಚ್ ಪೆಡಲ್ ಮೆತ್ತಗಾಗಿ ಕೆಳಗೇ ಕೂತುಬಿಟ್ಟಿತು. ಫಸ್ಟ್ ಗೇರ್ ಬೀಳಲಿಲ್ಲ. ರಿವರ್ಸ್ ಹಾಕಲು ಹೋದರೆ ಕರಕರ ಸದ್ದು. ಎಂಜಿನ್ ಆಫ್ ಮಾಡಿದರೆ ಎಲ್ಲ ಗೇರೂ ಸಲೀಸು. ಪೆಡಲನ್ನು ಪಟಪಟ ಒತ್ತಿದರೆ ಸ್ವಲ್ಪ ಹೊತ್ತು ಗಟ್ಟಿಯಾಗುತ್ತಿತ್ತು. ಇದಿಷ್ಟನ್ನೂ ಅವನಿಗೆ ಬಿಡಿಸಿ ಹೇಳಿದ್ದೆ. ಇದು ಕ್ಲಚ್ ಪ್ಲೇಟ್ ಸವೆದ ಲಕ್ಷಣ ಅಲ್ಲವೇ ಅಲ್ಲ! ಪ್ಲೇಟ್ ಸವೆದರೆ ಎಂಜಿನ್ ಕೂಗುತ್ತೆ, ಆರ್‌ಪಿಎಂ ಏರುತ್ತೆ, ಕಾರು ಮಾತ್ರ ಮುಂದೆ ಹೋಗಲ್ಲ. ಘಾಟಿಯಲ್ಲಿ ಸುಟ್ಟ ವಾಸನೆ ಬರುತ್ತೆ. ನನ್ನ ಕಾರಿಗೆ ಅದ್ಯಾವುದೂ ಇರಲಿಲ್ಲ. ದಿನಾ ಕ್ಲಚ್ ಕೆಲಸ ಮಾಡುವವನಿಗೆ ಇಷ್ಟೂ ಗೊತ್ತಿರಲ್ವಾ?

ಅವನು ಬಾನೆಟ್ ಎತ್ತಿದ, ಒಂದು ಸಲ ಪೆಡಲ್ ಒತ್ತಿದ, ಅಷ್ಟೇ.

"ಪ್ಲೇಟ್ ಪೂರಾ ಸುಟ್ಟೈತ್ರಿ ಸರ. ಗೇರ್‌ಬಾಕ್ಸ್ ಇಳಸಬೇಕ. ಇಟಲಿ ಮಾಲು, ಒಂದ ಸೆಟ್ ಉಳದೈತಿ. ಇವತ್ತ ಹೂಂ ಅಂದ್ರ ನಿಮಗ ಇಡ್ತೀನಿ."

ಆಯಿಲ್ ಲೀಕ್ ಏನಾದರೂ ಇರಬಹುದಾ ಅಂದೆ. "ನೀವು ನಮ್ಮೋರು, ನಿಮಗ ಸುಳ್ಳ ಹೇಳ್ತೀನೇನ್ರಿ?" ಅಂದ.

ಸಂಜೆ ವಾಟ್ಸಾಪ್‌ನಲ್ಲಿ ಸುಟ್ಟು ಕಪ್ಪಾದ ಪ್ಲೇಟಿನ ಫೋಟೋ ಬಂತು. ಫೋಟೋದಲ್ಲಿ ಪ್ಲೇಟ್ ಮಾತ್ರ ಇತ್ತು, ನನ್ನ ಕಾರಿನ ಒಂದು ಮೂಲೆಯೂ ಇರಲಿಲ್ಲ. ಗಾಡಿ ತರಲು ಹೋದಾಗ ಹಳೇ ಸಾಮಾನು ಕೇಳಿದೆ. "ಗುಜರಿಗೆ ಹಾಕಿಬಿಟ್ವಿ ಸರ." ಬಿಲ್ ಕೇಳಿದರೆ ಒಂದು ಚೀಟಿ. ಅದರಲ್ಲಿ ಅವನ ಕೈಬರಹದಲ್ಲೇ ಕ್ಲಚ್ ಸೆಟ್, ಗೇರ್‌ಬಾಕ್ಸ್ ಇಳಿಸಿದ ಕೂಲಿ, ಒಟ್ಟು 38,000. ಪೆಡಲ್ ಗಟ್ಟಿಯಾಗಿತ್ತು, ಗೇರ್ ಚೆನ್ನಾಗಿ ಬೀಳುತ್ತಿತ್ತು. ದುಡ್ಡು ಕೊಟ್ಟು ಬಂದೆ.

ಕೆಲವೇ ವಾರ. ಮತ್ತೆ ಅದೇ ಪೆಡಲ್, ಅದೇ ಕರಕರ. ಫೋನ್ ಮಾಡಿದರೆ "ನಿಮ್ಮ ಡ್ರೈವಿಂಗ್ ಸರಿ ಇಲ್ರಿ, ಕ್ಲಚ್ ಮ್ಯಾಲೆ ಕಾಲಿಟ್ಟ ಓಡಸ್ತೀರಿ" ಅಂದ. ಹದಿನೆಂಟು ವರ್ಷದ ಹುಡುಗನಿಗೆ ಹೇಳುವ ಹಾಗೆ ನನಗೆ ಹೇಳಿದ.

ಆಮೇಲೆ ಸಹೋದ್ಯೋಗಿಯೊಬ್ಬರು ವಾರ್ಜೆಯ ವಯಸ್ಸಾದ ಮರಾಠಿ ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದರು. ಅವರು ಮೊದಲು ಬ್ರೇಕ್ ಆಯಿಲ್ ಡಬ್ಬಿ ನೋಡಿದರು. ಈ ಕಾರಿನಲ್ಲಿ ಕ್ಲಚ್ಚಿಗೂ ಅದೇ ಡಬ್ಬಿಯ ಆಯಿಲ್. ಲೆವೆಲ್ ಕೆಳಗೆ ಹೋಗಿತ್ತು. ಗೇರ್‌ಬಾಕ್ಸ್ ಮೇಲಿನ ಸ್ಲೇವ್ ಸಿಲಿಂಡರಿನ ರಬ್ಬರ್ ಕವರನ್ನು ಉಗುರಿನಿಂದ ಸ್ವಲ್ಪ ಎತ್ತಿದರು. ಆಯಿಲ್ ಅವರ ಬೆರಳ ಮೇಲೆ ಹರಿಯಿತು. ಆಮೇಲೆ ಟಾರ್ಚ್ ಹಿಡಿದು ನನ್ನನ್ನು ಬಗ್ಗಿ ನೋಡಿ ಅಂದರು. ಎಂಜಿನ್ನಿಗೆ ಗೇರ್‌ಬಾಕ್ಸ್ ಸೇರಿಸುವ ಬೋಲ್ಟುಗಳು. ಪ್ಲೇಟ್ ಬದಲಿಸಬೇಕಾದರೆ ಇವನ್ನು ಬಿಚ್ಚಲೇಬೇಕು. ತಲೆಯ ಸುತ್ತ ವರ್ಷಗಟ್ಟಲೆಯ ಎಣ್ಣೆ, ಮಣ್ಣು ಗಟ್ಟಿಯಾಗಿ ಕೂತಿದೆ. ಪಾನಾ ತಾಗಿದ ಒಂದು ಗೆರೆ ಇಲ್ಲ.

"ಸಾಹೇಬ್, ಗೇರ್‌ಬಾಕ್ಸ್ ಖೋಲ್ಲಾಚ್ ನಾಹೀ."

ತೆಗೆದೇ ಇಲ್ಲ! ನನಗೆ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಸಹೋದ್ಯೋಗಿ ನಿಂತಿದ್ದರು, ಅವರ ಮುಖ ನೋಡೋಕೂ ಆಗಲಿಲ್ಲ. ಅವನು ಮಾಡಿದ್ದು ಇಷ್ಟೇ: ಆಯಿಲ್ ತುಂಬಿಸಿ, ಕ್ಲಚ್ಚಿನ ಆಯಿಲ್ ಪೈಪಿನಲ್ಲಿದ್ದ ಗಾಳಿ ತೆಗೆದಿದ್ದ. ಅದಕ್ಕೇ ಪೆಡಲ್ ಗಟ್ಟಿಯಾಗಿತ್ತು. ಲೀಕ್ ಹಾಗೇ ಇತ್ತು, ಮತ್ತೆ ಗಾಳಿ ಸೇರಿಕೊಂಡಿತು. ಆ ಹಿರಿಯರು ನಾನಾ ಪೇಠೆಯಿಂದ ಸ್ಲೇವ್ ಸಿಲಿಂಡರ್ ತರಿಸಿ, ಡಾಟ್ 4 ಬ್ರೇಕ್ ಆಯಿಲ್ ಹಾಕಿ, ಏರ್ ತೆಗೆದು ಕೊಟ್ಟರು. ಕೂಲಿ ಸೇರಿ ನಾಲ್ಕು ಸಾವಿರವೂ ಆಗಲಿಲ್ಲ. ಹಳೇ ಪ್ಲೇಟ್ ಇನ್ನೂ ಚೆನ್ನಾಗಿ ಹಿಡಿಯುತ್ತಿದೆ.

ಬೋಲ್ಟುಗಳ ವಿಡಿಯೋ ಅವನಿಗೆ ಕಳಿಸಿದೆ. ಮೊದಲು "ಹುಡುಗರು ಮಾಡ್ಯಾರ್ರಿ, ನಾ ಊರಾಗ ಇರಲಿಲ್ಲ" ಅಂದ. ಫೋಟೋ ಕಳಿಸಿದ್ದು ಅವನದೇ ನಂಬರಿನಿಂದ! ಆಮೇಲೆ "ಆ ಮರಾಠಿ ಮುದುಕಂದ ಕೇಳಿ ನಮ್ಮ ಹೆಸರ ಕೆಡಸ್ತೀರೇನ್ರಿ" ಅಂದ. ಊರು, ಭಾಷೆ ಎಲ್ಲ ಅವನಿಗೆ ದುಡ್ಡು ಕೀಳೋಕೆ ಮಾತ್ರ.

ಗೇರ್‌ಬಾಕ್ಸ್ ಇಳಿಸುತ್ತೇವೆ ಅಂದರೆ ಇಳಿಸಿದಾಗ ಅಲ್ಲೇ ನಿಂತು ನೋಡಿ. ಆಗಲ್ಲ ಅಂದರೆ ನಿಮ್ಮ ನಂಬರ್ ಪ್ಲೇಟ್ ಕಾಣುವ ಹಾಗೆ ವಿಡಿಯೋ ಕೇಳಿ. ಹಳೇ ಸಾಮಾನು ಕೈಗೆ ಬರೋವರೆಗೆ ದುಡ್ಡು ಬೇಡ. ಜಿಎಸ್‌ಟಿ ಬಿಲ್ ಇಲ್ಲದಿದ್ದರೆ ದುಡ್ಡು ಬೇಡವೇ ಬೇಡ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದು ಗೊತ್ತಾದ ಮೇಲೆ ಫೋನ್ ಮಾಡಿದ್ದ. "ಹತ್ತ ಸಾವಿರ ಹಿಡೀರಿ, ಮನ್ಯಾಗಿನ ಮಾತ ಮನ್ಯಾಗ ಇರ್ಲಿ" ಅಂದ. ಪೂರ್ತಿ ಬೇಕು ಅಂದೆ, ಇಟ್ಟುಬಿಟ್ಟ. ಇನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಗೇರ್‌ಬಾಕ್ಸ್ ಇಳಿಸಿದ ಲೆಕ್ಕದಲ್ಲಿ ಅಲ್ಲಿ ನೀವೂ ದುಡ್ಡು ಕೊಟ್ಟಿದ್ದರೆ ಬೇರೆ ಮೆಕ್ಯಾನಿಕ್ ಹತ್ತಿರ ಬೋಲ್ಟ್ ತೋರಿಸಿ. ಚೀಟಿ ಎಸೆಯಬೇಡಿ, ನನಗೆ ತಿಳಿಸಿ.