ಐದೂವರೆ ವರ್ಷದ ಹವಳದ ತೊಟ್ಟಿ: ಜಾಹೀರಾತಿನಲ್ಲಿ ಕಾಣದ ಮೂರು ಪೈಪುಗಳು

ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ನಮ್ಮ ಮನೆಗೆ 2019ರ ಸೆಪ್ಟೆಂಬರಿನಲ್ಲಿ ತಂದ ಉಪ್ಪುನೀರಿನ ಅಕ್ವೇರಿಯಂ ಕಿಟ್ಟನ್ನು ಐದೂವರೆ ವರ್ಷ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕೊಳ್ಳುವ ಮೊದಲು ನಾನು ಓದಿದ ವಿಮರ್ಶೆಗಳೆಲ್ಲ ಪೆಟ್ಟಿಗೆ ಬಿಚ್ಚಿದ ವಾರದಲ್ಲೇ ಬರೆದವು. ನೀರು ತುಂಬಿದ ಮೂರನೆಯ ವರ್ಷದಲ್ಲಿ ಯಾವ ಭಾಗ ಉಳಿಯುತ್ತದೆ, ಯಾವುದನ್ನು ಎಸೆಯಬೇಕಾಗುತ್ತದೆ ಎಂಬುದು ಅವುಗಳಲ್ಲಿ ಇರಲಿಲ್ಲ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಮಾದರಿಯ ಕಿಟ್ಟುಗಳನ್ನು ಹಲವು ಕಂಪನಿಗಳು ಮಾರುತ್ತವೆ, ಮತ್ತು ನಾನು ಹೇಳಲಿರುವುದು ಬಹುಪಾಲು ಅವೆಲ್ಲಕ್ಕೂ ಹೊಂದುತ್ತದೆ.

ಕಿಟ್ಟಿನಲ್ಲಿ ಬಂದದ್ದು 200 ಲೀಟರಿನ ಗಾಜಿನ ತೊಟ್ಟಿ, ಅದರ ಕೆಳಗಿನ ಕ್ಯಾಬಿನೆಟ್, ಕ್ಯಾಬಿನೆಟ್ಟಿನೊಳಗೆ 50 ಲೀಟರಿನ ಸಂಪ್, ನೀರನ್ನು ಮೇಲಕ್ಕೆ ಎತ್ತುವ ಪಂಪು, ಎರಡು ಎಲ್‌ಇಡಿ ದೀಪಗಳು ಮತ್ತು ಒಂದು ಹೀಟರ್. ಬೆಂಗಳೂರಿನವರಿಗೆ ಸಂಪ್ ಎಂದರೆ ಮನೆಯ ಮುಂದೆ ನೆಲದಡಿಯಲ್ಲಿ ಕಾವೇರಿ ನೀರು ತುಂಬಿಸುವ ತೊಟ್ಟಿ. ಇಲ್ಲಿಯೂ ಅದೇ ಮಾತು, ಮೇಲಿನ ತೊಟ್ಟಿಯ ನೀರು ಇಳಿದು ಬಂದು ಸೋಸಿಕೊಂಡು ಮತ್ತೆ ಮೇಲೇರುವ ಜಾಗ. ಆಗ ನಾನು ಕೊಟ್ಟ ಬೆಲೆ 1,400 ಡಾಲರ್. ಅದರಲ್ಲಿ ಉಪ್ಪು ಇರಲಿಲ್ಲ, ಕಲ್ಲು ಇರಲಿಲ್ಲ, ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇರಲಿಲ್ಲ, ಶುದ್ಧ ನೀರು ಮಾಡಿಕೊಳ್ಳುವ ಆರ್‌ಒ ಯಂತ್ರವೂ ಇರಲಿಲ್ಲ. ‘ಎಲ್ಲವೂ ಒಳಗೊಂಡ ಕಿಟ್’ ಎಂಬ ಪೆಟ್ಟಿಗೆಯ ಮೇಲಿನ ಮಾತನ್ನು ನಂಬಿ ಬಜೆಟ್ ಹಾಕಿಕೊಳ್ಳುವವರು, ಮೊದಲ ಮೀನು ಬರುವ ಹೊತ್ತಿಗೆ ಅಷ್ಟೇ ಹಣವನ್ನು ಮತ್ತೊಮ್ಮೆ ಖರ್ಚು ಮಾಡಿರುತ್ತಾರೆ ಎಂದು ತಿಳಿದಿರಲಿ.

ನೀರಿನ ವಿಚಾರವನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಟಿನ್ ನಗರದ ನಲ್ಲಿ ನೀರಿನಲ್ಲಿ ಕ್ಲೋರಿನ್ ಬದಲು, ಅದಕ್ಕೆ ಅಮೋನಿಯಾ ಬೆರೆಸಿದ ಕ್ಲೋರಮೈನ್ ಇರುತ್ತದೆ. ಕ್ಲೋರಿನ್ ಆದರೆ ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟರೆ ಹಾರಿಹೋಗುತ್ತದೆ. ಕ್ಲೋರಮೈನ್ ಹಾಗೆ ಹೋಗುವುದಿಲ್ಲ, ಅದನ್ನು ಕಾರ್ಬನ್ ಫಿಲ್ಟರಿನಲ್ಲಿ ಒಡೆಯಬೇಕು, ಒಡೆದಾಗ ಬಿಡುಗಡೆಯಾಗುವ ಅಮೋನಿಯಾವನ್ನು ಆರ್‌ಒ ಯಂತ್ರದ ಕೊನೆಯ ಹಂತದಲ್ಲಿರುವ ರೆಸಿನ್ ಹರಳುಗಳು ಹಿಡಿಯಬೇಕು. ಮೊದಲ ವರ್ಷ ಅಗ್ಗದ ಕಾರ್ಬನ್ ಹಾಕಿ ರೆಸಿನ್ ಬೇಗ ಬೇಗ ಸವೆಯುವುದೇಕೆಂದು ತಲೆ ಕೆಡಿಸಿಕೊಂಡೆ. ಕ್ಲೋರಮೈನ್‌ಗೆಂದೇ ಮಾಡಿದ ಕಾರ್ಬನ್ ಹಾಕಿದ ಮೇಲೆ ರೆಸಿನ್ನಿನ ಆಯುಷ್ಯ ಸುಮಾರು ಇಮ್ಮಡಿಯಾಯಿತು. ಈ ತೊಟ್ಟಿಗೆ ಒಮ್ಮೆ ತುಂಬಲು ಸುಮಾರು 9 ಕಿಲೋ ಉಪ್ಪು ಬೇಕಾಗುತ್ತದೆ. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರಿಯ ನೀರಿನಿಂದ ಸೊನ್ನೆಗೆ ಹೊಂದಿಸಿ ಸುಮ್ಮನಾದರೆ ಸಾಲದು, ಸಾವಿರಕ್ಕೆ 35ರ ಪ್ರಮಾಣದ ಸಿದ್ಧ ದ್ರಾವಣದಿಂದ ಹೊಂದಿಸಬೇಕು. ನಾನು ಎಂಟು ತಿಂಗಳು 38ರಲ್ಲಿ ಮೀನು ಸಾಕಿ 35 ಎಂದು ಪುಸ್ತಕದಲ್ಲಿ ಬರೆದುಕೊಂಡಿದ್ದೆ.

ಈ ಕಿಟ್ಟಿನ ಅತ್ಯುತ್ತಮ ಭಾಗದ ಚಿತ್ರ ಜಾಹೀರಾತಿನ ಯಾವ ಪುಟದಲ್ಲೂ ಇರಲಿಲ್ಲ. ಅದು ತೊಟ್ಟಿಯ ಹಿಂಗೋಡೆಯಲ್ಲಿರುವ, ಮೇಲ್ಮಟ್ಟದ ನೀರು ಹರಿದು ಬೀಳುವ ಓವರ್‌ಫ್ಲೋ ಪೆಟ್ಟಿಗೆ ಮತ್ತು ಅದರಿಂದ ಸಂಪಿಗೆ ಇಳಿಯುವ ಮೂರು ಪೈಪುಗಳು. ಮೊದಲನೆಯದು ಗಾಳಿಯಿಲ್ಲದೆ ಪೂರ್ತಿ ನೀರು ತುಂಬಿಕೊಂಡು ಇಳಿಯುತ್ತದೆ. ಅದರ ಕೆಳತುದಿಯಲ್ಲಿರುವ ಗೇಟ್ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹರಿವನ್ನು ಹೊಂದಿಸಬೇಕು. ಎರಡನೆಯದರಲ್ಲಿ ಮಿಕ್ಕ ನೀರು ಸಣ್ಣ ಎಳೆಯಾಗಿ ಗೋಡೆ ಹಿಡಿದು ಇಳಿಯುತ್ತದೆ. ಮೂರನೆಯದು ಸದಾ ಒಣಗಿರಬೇಕು. ಹೀಗೆ ಹೊಂದಿಸಿದ ತೊಟ್ಟಿ ಸದ್ದು ಮಾಡುವುದಿಲ್ಲ. ನಡುಮನೆಯಲ್ಲಿ ಕುಳಿತವರಿಗೆ ಫ್ರಿಜ್ಜಿನ ಸದ್ದು ಕೇಳುತ್ತದೆ, ಇದರದಲ್ಲ.

ಮೂರನೆಯ ಪೈಪು ಏಕೆ ಬೇಕೆಂದು ನನಗೆ ಅರ್ಥವಾದದ್ದು 2020ರ ಒಂದು ರಾತ್ರಿ. ಪಾಚಿ ತಿನ್ನಲೆಂದು ಬಿಟ್ಟಿದ್ದ ಟ್ರೋಕಸ್ ಬಸವನಹುಳುವೊಂದು ಓವರ್‌ಫ್ಲೋದ ಹಲ್ಲುಗಳನ್ನು ದಾಟಿ ಒಳಗಿಳಿದು ಮೊದಲ ಪೈಪಿನ ಬಾಯಿಗೆ ಬಿರಡೆಯಂತೆ ಕೂತುಬಿಟ್ಟಿತ್ತು. ಗಂಟೆಗೆ ಸಾವಿರ ಲೀಟರಿಗೂ ಹೆಚ್ಚು ನೀರನ್ನು ಪಂಪು ಮೇಲಕ್ಕೆ ಎತ್ತುತ್ತಲೇ ಇತ್ತು. ಎರಡನೆಯ ಪೈಪು ತನ್ನ ಪಾಲಿನಷ್ಟನ್ನು ಹೊತ್ತುಕೊಂಡಿತು, ಉಳಿದದ್ದು ಒಣ ಪೈಪಿನಲ್ಲಿ ಗೊಳಗೊಳನೆ ಇಳಿಯತೊಡಗಿತು, ಆ ಸದ್ದಿಗೆ ಎಚ್ಚರವಾಗಿ ನಾವಿಬ್ಬರೂ ಓಡಿ ಬಂದೆವು. ಮರದ ನೆಲದ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಒಂದೇ ಪೈಪಿನ ಅಗ್ಗದ ಮಾದರಿಯಾಗಿದ್ದರೆ ಆ ರಾತ್ರಿ ಸಂಪಿನ ನೀರೆಲ್ಲ ಮೇಲೇರಿ ನೆಲಕ್ಕೆ ಚೆಲ್ಲುತ್ತಿತ್ತು. ನಾನು ಕೊಡುವ ಅಂಕಗಳಲ್ಲಿ ದೊಡ್ಡ ಪಾಲು ಈ ಮೂರು ಪೈಪುಗಳಿಗೇ ಸಲ್ಲಬೇಕು.

ಹಾಗೆಯೇ ವಿದ್ಯುತ್ ಹೋದಾಗ ಪಂಪು ನಿಂತು ಮೇಲಿನ ತೊಟ್ಟಿಯಿಂದ ಸ್ವಲ್ಪ ನೀರು ಹಿಂದಕ್ಕೆ ಇಳಿಯುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವಷ್ಟು ಜಾಗ ಸಂಪಿನಲ್ಲಿ ಖಾಲಿ ಇರಬೇಕು. ಈ ಕಿಟ್ಟಿನಲ್ಲಿ ಆ ಲೆಕ್ಕವನ್ನು ಸರಿಯಾಗಿ ಹಾಕಿದ್ದಾರೆ, ಸಂಪಿನ ಗೋಡೆಯ ಮೇಲೆ ಗರಿಷ್ಠ ಮಟ್ಟದ ಗೆರೆಯೂ ಇದೆ. ಆದರೆ ವಿದ್ಯುತ್ ಹೋದಾಗ ಆಗುವ ನಿಜವಾದ ತೊಂದರೆ ನೀರು ಚೆಲ್ಲುವುದಲ್ಲ.

2021ರ ಫೆಬ್ರವರಿಯ ಹಿಮಬಿರುಗಾಳಿಯಲ್ಲಿ ಟೆಕ್ಸಸ್‌ನ ಲಕ್ಷಾಂತರ ಮನೆಗಳಿಗೆ ವಿದ್ಯುತ್ ಇಲ್ಲವಾಯಿತು. ನಮ್ಮ ಮನೆಯಲ್ಲಿ 15ನೆಯ ತಾರೀಖು ಸೋಮವಾರದ ನಸುಕಿನಲ್ಲಿ ಹೋದದ್ದು ಬುಧವಾರ ರಾತ್ರಿ ಬಂದಿತು. ಹೊರಗೆ ಸೊನ್ನೆಗಿಂತ ಹತ್ತಕ್ಕೂ ಹೆಚ್ಚು ಡಿಗ್ರಿ ಕೆಳಗೆ, ಮನೆಯೊಳಗೆ ಎರಡನೆಯ ದಿನದ ಹೊತ್ತಿಗೆ 8 ಡಿಗ್ರಿ ಸೆಲ್ಸಿಯಸ್. ಹವಳ ಸಾಕುವವರಿಗೆ ಆಮ್ಲಜನಕದ ಚಿಂತೆ ಮೊದಲು, ಶಾಖದ ಚಿಂತೆ ಅನಂತರ: ನೀರು ಕದಡದೆ ನಿಂತರೆ ಕೆಲವೇ ಗಂಟೆಗಳಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತವೆ. ನನ್ನ ಬಳಿ ಇದ್ದದ್ದು ಮೀನು ಹಿಡಿಯಲು ಹೋಗುವವರು ಒಯ್ಯುವ, ಟಾರ್ಚಿನ ಸೆಲ್ ಹಾಕುವ ಹದಿನೈದು ಡಾಲರಿನ ಗಾಳಿಪಂಪು. ಆ ಮೂರು ದಿನ ಇಡೀ ತೊಟ್ಟಿ ಉಸಿರಾಡಿದ್ದು ಅದರಿಂದಲೇ. ಗ್ಯಾಸ್ ಒಲೆಯ ಮೇಲೆ ನೀರು ಕಾಯಿಸಿ, ಬಾಟಲಿಗಳಲ್ಲಿ ತುಂಬಿ, ಬಿರಡೆ ಬಿಗಿದು, ತೊಟ್ಟಿಯಲ್ಲಿ ತೇಲಿಬಿಟ್ಟು ಎರಡು ಗಂಟೆಗೊಮ್ಮೆ ಬದಲಿಸಿದೆವು. ಮುಚ್ಚಿದ ಮನೆಯಲ್ಲಿ ಒಲೆಯನ್ನು ಹೆಚ್ಚು ಹೊತ್ತು ಉರಿಸುವುದು ಅಪಾಯವಾದ್ದರಿಂದ ಪ್ರತಿಸಲವೂ ಕಿಟಕಿಯನ್ನು ತುಸು ತೆರೆದಿಡಬೇಕಾಗಿತ್ತು, ಅದರಿಂದ ಕಾಯಿಸಿ ಗಳಿಸಿದ್ದರಲ್ಲಿ ಅರ್ಧ ಹೊರಗೆ ಹೋಗುತ್ತಿತ್ತು. ಗಾಜಿನ ಸುತ್ತ ಮನೆಯಲ್ಲಿದ್ದ ರಜಾಯಿಗಳೆಲ್ಲ ಸೇರಿದವು. ಎಷ್ಟೇ ಮಾಡಿದರೂ 25.5 ಡಿಗ್ರಿಯಲ್ಲಿದ್ದ ನೀರು ಬುಧವಾರ ಮಧ್ಯಾಹ್ನ 17ಕ್ಕೆ ಇಳಿದಿತ್ತು.

ಕೊಂಬೆ ಕೊಂಬೆಯಾಗಿ ಬೆಳೆಯುವ ಆಕ್ರೋಪೋರಾ ಹವಳಗಳು ಒಂದೂ ಉಳಿಯಲಿಲ್ಲ. ಒಂದು ವಾರದಲ್ಲಿ ಮಾಂಸ ಕಳಚಿ ಬಿಳಿಯ ಅಸ್ಥಿಪಂಜರವಾದವು. ಎರಡು ಕ್ಲೌನ್ ಮೀನುಗಳು, ಅಣಬೆ ಹವಳಗಳು, ಗುಂಡಿಗಳಂತೆ ಗುಂಪಾಗಿ ಬೆಳೆಯುವ ಜೊವಾಂತಿಡ್‌ಗಳು ಮತ್ತು ಉದ್ದ ಗ್ರಹಣಾಂಗಗಳ ಯೂಫಿಲಿಯಾ ಹವಳವೊಂದು ಬದುಕಿದವು. ಆ ಮಾರ್ಚಿನಲ್ಲಿ ನಾನು ಕೊಂಡದ್ದು ಹವಳವಲ್ಲ, ಒಂದು ಕಿಲೋವ್ಯಾಟ್ ಗಂಟೆಯ ಬ್ಯಾಟರಿ ಪೆಟ್ಟಿಗೆ. ನೀರು ಕದಡುವ ಡಿಸಿ ಪಂಪನ್ನು ಕಡಿಮೆ ವೇಗದಲ್ಲಿ ಅದು ಎರಡು ದಿನಕ್ಕೂ ಹೆಚ್ಚು ನಡೆಸುತ್ತದೆ. 200 ವ್ಯಾಟಿನ ಹೀಟರನ್ನು ಹಾಕಿದರೆ ಮಾತ್ರ ಐದು ಗಂಟೆಯೊಳಗೆ ಬರಿದಾಗುತ್ತದೆ. ಈ ಅಂತರವನ್ನು ಯಾರೂ ನನಗೆ ಮುಂಚೆ ಹೇಳಿರಲಿಲ್ಲ.

ಕಿಟ್ಟಿನ ಬೇರೆ ಭಾಗಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೀಟರ್ ಎರಡನೆಯ ವರ್ಷ ‘ಆನ್’ ಸ್ಥಿತಿಯಲ್ಲೇ ಸಿಕ್ಕಿಕೊಂಡಿತು. ಅಂದಿನಿಂದ ಒಂದು ದೊಡ್ಡದರ ಬದಲು ಎರಡು ಸಣ್ಣ ಹೀಟರುಗಳನ್ನು ಪ್ರತ್ಯೇಕ ನಿಯಂತ್ರಕದ ಮೂಲಕ ನಡೆಸುತ್ತಿದ್ದೇನೆ. ಪಂಪು ನಾಲ್ಕು ವರ್ಷ ಬಾಳಿತು. ದೀಪಗಳು ಮೃದು ಹವಳಗಳಿಗೆ ಸಾಕಾಗಿದ್ದವು, ಸುಣ್ಣದ ಅಸ್ಥಿಪಂಜರ ಕಟ್ಟುವ ಕಲ್ಲು ಹವಳಗಳಿಗೆ ಸಾಲಲಿಲ್ಲ. ಹೊಸ ದೀಪ ತಂದ ದಿನ ಅದನ್ನು ಶೇಕಡಾ 60ರಲ್ಲಿ ಉರಿಸಿ ಅರ್ಧ ತೊಟ್ಟಿಯ ಬಣ್ಣ ಕಳೆದದ್ದು ಪೂರ್ತಿ ನನ್ನ ತಪ್ಪು. 30ಕ್ಕೆ ಇಳಿಸಿ ವಾರಕ್ಕೆ ಮೂರು ನಾಲ್ಕರಂತೆ ಏರಿಸಬೇಕಿತ್ತು.

2022ರ ಹಿನ್ನಡೆ ಮಾತ್ರ ವಿವರವಾಗಿ ಹೇಳುವಂಥದ್ದು, ಏಕೆಂದರೆ ಅದು ಬಂದದ್ದು ಅತಿಯಾದ ಶುಚಿತ್ವದಿಂದ. ಪಾಚಿಯ ಮೇಲಿನ ಸಿಟ್ಟಿಗೆ ಫಾಸ್ಫೇಟ್ ಹೀರುವ ಕಬ್ಬಿಣದ ಹರಳುಗಳನ್ನು ಧಾರಾಳವಾಗಿ ಹಾಕಿದೆ, ದೊಡ್ಡ ಸ್ಕಿಮ್ಮರ್ ತಂದೆ, ಮೀನುಗಳ ಊಟ ಕಡಿಮೆ ಮಾಡಿದೆ. ಪಾಚಿಗೂ ಹವಳಕ್ಕೂ ಆಹಾರವಾಗುವ ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಸೊನ್ನೆಗೆ ಬಂದ ಕೆಲವೇ ದಿನಗಳಲ್ಲಿ ಮರಳಿನ ಮೇಲೆ ಗುಳ್ಳೆ ಸಿಕ್ಕಿಸಿಕೊಂಡ ಕಂದು ಸಿಂಬಳದಂಥ ಪೊರೆ ಕಾಣಿಸಿತು; ಮಧ್ಯಾಹ್ನ ದಟ್ಟವಾಗಿ, ದೀಪ ಆರಿದ ಮೇಲೆ ಮಾಯವಾಗಿ, ಮರುದಿನ ಮತ್ತೆ. ಮಗಳ ಶಾಲೆಯ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿದಾಗ, ಹನಿಯಾಕಾರದ ಜೀವಕೋಶಗಳು ಗೂಟಕ್ಕೆ ಕಟ್ಟಿದ ಕರುವಿನಂತೆ ಒಂದೇ ಬಿಂದುವಿನ ಸುತ್ತ ತಿರುಗುತ್ತಿದ್ದವು. ಅವು ಡೈನೋಫ್ಲಾಜೆಲೇಟ್‌ಗಳೆಂಬ ಒಂದೇ ಕೋಶದ ಸೂಕ್ಷ್ಮಜೀವಿಗಳು, ಆಸ್ಟ್ರಿಯಾಪ್ಸಿಸ್ ಜಾತಿಯವು, ಬಸವನಹುಳುಗಳಿಗೆ ವಿಷ. ಎಲ್ಲರೂ ಪೈಪೋಟಿಗೆ ಇದ್ದಾಗ ತಲೆ ತಗ್ಗಿಸಿಕೊಂಡಿರುವ ಇವು, ಉಳಿದವರು ಹಸಿವಿನಿಂದ ಸತ್ತ ಹೊಲದಲ್ಲಿ ಕಳೆಯಂತೆ ಎದ್ದು ನಿಲ್ಲುತ್ತವೆ. ಹೀಗಾಗಿ ಮಾಡಬೇಕಾದದ್ದು ಇನ್ನಷ್ಟು ತೊಳೆಯುವುದಲ್ಲ, ಗೊಬ್ಬರ ಹಾಕುವುದು. ನೈಟ್ರೇಟನ್ನು ಲೀಟರಿಗೆ 5 ಮಿಲಿಗ್ರಾಂಗೆ, ಫಾಸ್ಫೇಟನ್ನು 0.05 ಮಿಲಿಗ್ರಾಂಗೆ ಏರಿಸಿ ಅಲ್ಲಿಯೇ ನಿಲ್ಲಿಸಿದೆ. ರಾತ್ರಿ ನೀರಿಗೆ ತೇಲಿಬರುವ ಕೋಶಗಳನ್ನು ಕೊಲ್ಲಲು ಯುವಿ (ನೇರಳಾತೀತ) ದೀಪವನ್ನು ನೇರವಾಗಿ ಮೇಲಿನ ತೊಟ್ಟಿಗೆ ಜೋಡಿಸಿದೆ. ಆರು ವಾರ ಹಿಡಿಯಿತು. ಟ್ರೋಕಸ್‌ಗಳು ಎಲ್ಲವೂ ಸತ್ತವು, ಪೈಪಿಗೆ ಬಿರಡೆ ಹಾಕಿದ್ದ ಆ ಮಹಾಶಯನೂ ಸೇರಿ.

ಕಲ್ಲು ಹವಳಗಳು ಮತ್ತೆ ಬೆಳೆಯತೊಡಗಿದಾಗ ಅವು ಅಸ್ಥಿಪಂಜರಕ್ಕೆ ಬಳಸುವ ಕ್ಷಾರತೆ ಮತ್ತು ಕ್ಯಾಲ್ಸಿಯಂ ತುಂಬುವ ಪ್ರಶ್ನೆ ಎದುರಾಯಿತು. ಅಂಗಡಿಯವರು ದ್ರಾವಣಗಳನ್ನು ಅಳತೆಯಂತೆ ಹಾಕುವ, ನಾನೂರು ಡಾಲರಿನ ಡೋಸಿಂಗ್ ಯಂತ್ರ ತೋರಿಸಿದರು. ನಾನು ಆರಿಸಿಕೊಂಡದ್ದು ತಿಳಿಸುಣ್ಣದ ನೀರು. ಸುಣ್ಣವನ್ನು ಶುದ್ಧ ನೀರಿನಲ್ಲಿ ಕದಡಿ, ಕೆಸರು ಕೆಳಗೆ ನಿಂತ ಮೇಲೆ ಮೇಲಿನ ತಿಳಿಯನ್ನು, ಆವಿಯಾಗಿ ಹೋದ ನೀರಿನ ಬದಲಿಗೆ ಹನಿ ಹನಿಯಾಗಿ ಬಿಡುವುದು. ಊರಿನಿಂದ ಬಂದಿದ್ದ ಅಮ್ಮ ಆ ಡಬ್ಬ ನೋಡಿ, “ಎಲೆ ಅಡಿಕೆಗೆ ಇಷ್ಟೊಂದು ಸುಣ್ಣವೇನೋ?” ಎಂದು ಕೇಳಿದರು, ವಸ್ತು ನಿಜಕ್ಕೂ ಅದೇ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಶುದ್ಧತೆ ಮಾತ್ರ ಹೆಚ್ಚು. ನನ್ನ ತೊಟ್ಟಿಯಲ್ಲಿ ದಿನಕ್ಕೆ 3 ಲೀಟರ್ ಆವಿಯಾಗುತ್ತದೆ, ಅಷ್ಟು ತಿಳಿಸುಣ್ಣ ಕ್ಷಾರತೆಯನ್ನು ಸುಮಾರು 1.3 ಡಿಕೆಎಚ್ (ಕ್ಷಾರತೆಯ ಅಳತೆ) ಏರಿಸುತ್ತದೆ, ಹವಳಗಳು ಹೆಚ್ಚುಕಡಿಮೆ ಅಷ್ಟನ್ನೇ ತಿನ್ನುತ್ತವೆ. ಕ್ಷಾರತೆ 8.5ರಲ್ಲಿ, ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂನಲ್ಲಿ ನಿಂತು ಎರಡು ವರ್ಷವಾಗುತ್ತ ಬಂದಿದೆ. ನೀರು ತುಂಬಿಸುವ ಸ್ವಯಂಚಾಲಿತ ಸೆನ್ಸರ್ ಕೈಕೊಟ್ಟರೆ ಸುಣ್ಣವೆಲ್ಲ ಒಮ್ಮೆಲೇ ಸುರಿದು ಪಿಎಚ್ ಅಪಾಯದ ಮಟ್ಟಕ್ಕೆ ಏರಬಹುದು. ಆದ್ದರಿಂದ ಆ ಡಬ್ಬವನ್ನು ನಾಲ್ಕು ಲೀಟರಿಗಿಂತ ದೊಡ್ಡದು ಇಟ್ಟುಕೊಂಡಿಲ್ಲ, ಪ್ರತಿದಿನ ಕೈಯಿಂದಲೇ ತುಂಬುತ್ತೇನೆ.

2023ರ ಬೇಸಿಗೆಯಲ್ಲಿ ಆಸ್ಟಿನ್‌ನಲ್ಲಿ ಸತತ 45 ದಿನ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ ಮನೆಯ ಎಸಿ ಎರಡು ದಿನ ಕೆಟ್ಟಿತು. ನೀರು ತಣಿಸುವ ಚಿಲ್ಲರ್ ಕೊಳ್ಳಲಿಲ್ಲ, ಸಂಪಿನ ಮೇಲೆ ಗಾಳಿ ಬೀಸುವ ಎರಡು ಪುಟ್ಟ ಫ್ಯಾನುಗಳು ಮಡಕೆಯ ನೀರು ತಣ್ಣಗಾಗುವ ಉಪಾಯದಲ್ಲೇ ಎರಡು ಮೂರು ಡಿಗ್ರಿ ಸೆಲ್ಸಿಯಸ್ ಇಳಿಸಿದವು. ಆವಿ ಮಾತ್ರ ದಿನಕ್ಕೆ 7 ಲೀಟರಿಗೆ ಏರಿತ್ತು, ಆ ದಿನಗಳಲ್ಲಿ ಸುಣ್ಣವನ್ನು ಅರ್ಧಕ್ಕೂ ಕಡಿಮೆ ಮಾಡಿ ಬರಿಯ ನೀರು ಬೆರೆಸಿದೆ.

ಮೈಸೂರಿನಲ್ಲಿರುವ ಸೋದರಮಾವನ ಮಗ ಇದೇ ಬಗೆಯ ತೊಟ್ಟಿ ಇಡಲು ನನ್ನನ್ನು ಕೇಳಿದ್ದ. ಅವನಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ: ನಾನು ಸಾಕುವುದು ಇಲ್ಲಿನ ಸಾಕಣೆದಾರರು ತುಂಡು ಕತ್ತರಿಸಿ ಬೆಳೆಸಿದ ಹವಳಗಳನ್ನು. ಭಾರತದಲ್ಲಿ ಬಂಡೆ ಕಟ್ಟುವ ಹವಳಗಳು 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಸಮುದ್ರ ಕುದುರೆಗಳಿಗೂ ಆ ಕಾಯ್ದೆಯ ರಕ್ಷಣೆ ಇದೆ. ಅಂಗಡಿಯವನು ಗುಟ್ಟಾಗಿ ಕೊಟ್ಟರೂ ಕೊಳ್ಳುವಂತಿಲ್ಲ. ಒಣ ಕಲ್ಲು ಜೋಡಿಸಿ, ಮರಿಕೇಂದ್ರದಲ್ಲಿ ಹುಟ್ಟಿದ ಕ್ಲೌನ್ ಮೀನುಗಳನ್ನು ಸಾಕಬಹುದು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅವುಗಳ ಮರಿ ಮಾಡಿಸುವ ವಿಧಾನವನ್ನು ಎಂದೋ ರೂಪಿಸಿದೆ. ಹವಳ ನೋಡಬೇಕೆಂದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಮುಳುಗಿ ಬಾ ಎಂದೆ. ಹೋಗಿ ಬಂದ, ಈಗ ಮೀನು ಮಾತ್ರದ ತೊಟ್ಟಿ ಇಟ್ಟಿದ್ದಾನೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದದ್ದು ಕ್ಯಾಬಿನೆಟ್ಟಿಗೆ: ಮರದ ಪುಡಿ ಒತ್ತಿ ಮಾಡಿದ ಹಲಗೆ, ಉಪ್ಪಿನ ತೇವಕ್ಕೆ ಬಾಗಿಲಿನ ಕೆಳ ಅಂಚು ಹಪ್ಪಳದಂತೆ ಉಬ್ಬಿ ಈಗ ಮುಚ್ಚುವುದಿಲ್ಲ. ಸುಮಾರು 350 ಕಿಲೋ ಭಾರವನ್ನು ಹೊತ್ತಿರುವ ಮೂಲೆಯ ಕಂಬಗಳು ಮಾತ್ರ ಅಲ್ಯೂಮಿನಿಯಂನವು, ಅವು ಮಿಸುಕಿಲ್ಲ. ಗಾಜಿನ ಸಿಲಿಕೋನ್ ಅಂಟಿಗೆ ಕೊಟ್ಟಿದ್ದ ವಾರಂಟಿ ಎರಡೇ ವರ್ಷದ್ದು, ಮುಗಿದು ಬಹಳ ಕಾಲವಾಯಿತು. ಆರು ತಿಂಗಳಿಗೊಮ್ಮೆ ಟಾರ್ಚು ಹಿಡಿದು ನಾಲ್ಕೂ ಮೂಲೆಗಳಲ್ಲಿ ಗುಳ್ಳೆ ಬಂದಿದೆಯೇ, ಅಂಚು ಎದ್ದಿದೆಯೇ ಎಂದು ನೋಡುತ್ತೇನೆ. ಕಳೆದ ತಿಂಗಳು ಬಲಗಡೆಯ ಹಿಂಮೂಲೆಯಲ್ಲಿ ಉಗುರಿನಷ್ಟು ಅಂಚು ಎದ್ದಿರುವುದು ಕಂಡಿತು. ಒಳಗಿನ ಅಂಟು ಗಟ್ಟಿಯಾಗಿದೆ, ಆದರೂ ಮೀನು ಹವಳಗಳನ್ನು ಸ್ಥಳಾಂತರಿಸಲು ಬೇಕಾಗುವಷ್ಟು ಪ್ಲಾಸ್ಟಿಕ್ ಪೀಪಾಯಿಗಳನ್ನು ತಂದು ಗ್ಯಾರೇಜಿನಲ್ಲಿ ಇಟ್ಟಿದ್ದೇನೆ.