ಮನೆಗೊಂದು ಬಂದೂಕು: ಟೆಕ್ಸಾಸೋ, ಮೆಲ್ಬರ್ನೋ?

ಹೊಳಲ್ಕೆರೆಯ ನಮ್ಮ ತೋಟದ ಮನೆಯಲ್ಲಿ ಅಜ್ಜನ ಕಾಲದ ಒಂಟಿ ನಳಿಗೆಯ ಬಂದೂಕಿದೆ. ಚುನಾವಣೆ ಬಂತೆಂದರೆ ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ರಸೀದಿಯನ್ನು ಪಂಚಾಂಗದೊಳಗೆ ಇಡುತ್ತೇವೆ. ಅದನ್ನು ನೋಡುತ್ತ ಬೆಳೆದ ತಂಗಿಯ ಮಗನಿಗೆ ಈಗ ಅಮೆರಿಕದ ಟೆಕ್ಸಾಸ್, ಆಸ್ಟ್ರೇಲಿಯಾದ ಮೆಲ್ಬರ್ನ್ ಎರಡು ಕಡೆ ಕೆಲಸ ಸಿಕ್ಕಿದೆ. "ಮಾವ, ಮನೆ ಕಾವಲಿಗೆ ಬಂದೂಕು ಇಡುವುದು ಎಲ್ಲಿ ಸಲೀಸು?" ಎಂದು ಕೇಳುತ್ತಾನೆ.

ಟೆಕ್ಸಾಸ್ ಎಂದು ಥಟ್ಟನೆ ಹೇಳುವ ಹಾಗಿಲ್ಲ. ಅಲ್ಲಿನ ಪ್ರಜೆಗೆ ಸುಲಭ, ನಿಜ. ಆದರೆ ತಾತ್ಕಾಲಿಕ ಕೆಲಸಕ್ಕೆ ಹೋಗುವವರ ಎಚ್‌-ಒನ್‌-ಬಿ ವೀಸಾದವನು ಬಂದೂಕು ಇಟ್ಟುಕೊಂಡರೆ ಸಾಮಾನ್ಯವಾಗಿ ಅದೇ ಫೆಡರಲ್ (ಕೇಂದ್ರ ಕಾನೂನಿನ) ಅಪರಾಧ. ಬೇಟೆಯ ಪರವಾನಗಿ ಇದ್ದರೆ ವಿನಾಯಿತಿಯುಂಟು. ಕಾಯಂ ವಾಸದ ಗ್ರೀನ್ ಕಾರ್ಡ್ ಬಂದ ಮೇಲೆ ಮಾತೇ ಬೇರೆ: ನಮೂನೆ ತುಂಬಿ, ಹಿನ್ನೆಲೆ ತಪಾಸಣೆ ಮುಗಿದರೆ ಅಂಗಡಿಯವನೇ ಕೊಡುತ್ತಾನೆ. ಪಿಸ್ತೂಲಿಗೆ ಮಾತ್ರ 21 ತುಂಬಿರಬೇಕು.

ಮೆಲ್ಬರ್ನ್‌ನಲ್ಲಿ ಆ ಆಸೆಯನ್ನೇ ಬಿಡಬೇಕು. 1996ರಲ್ಲಿ ಅಲ್ಲಿನ ಪೋರ್ಟ್ ಆರ್ಥರ್‌ನಲ್ಲಿ ನಡೆದ ಗುಂಡಿನ ಹತ್ಯಾಕಾಂಡದ ನಂತರ ಆಸ್ಟ್ರೇಲಿಯಾದಲ್ಲಿ ಆತ್ಮರಕ್ಷಣೆಯೆಂಬುದು ಬಂದೂಕಿನ ಪರವಾನಗಿಗೆ ಕಾರಣವೇ ಅಲ್ಲ. ಬೇಟೆ, ಗುರಿಕ್ರೀಡೆ, ಕೃಷಿಯಂಥ ಕಾರಣ ತೋರಿಸಬೇಕು.

ನಮ್ಮಲ್ಲಿ ಬೆಳೆರಕ್ಷಣೆಗೂ ಅರ್ಜಿ ಹಾಕಬಹುದು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಬಳಿಕ ಪರವಾನಗಿ 5 ವರ್ಷಕ್ಕೆ, ಸಾಮಾನ್ಯರಿಗೆ ಎರಡೇ ಬಂದೂಕು.

ನನ್ನನ್ನು ಕೇಳಿದರೆ ಮೆಲ್ಬರ್ನೇ ಸರಿ. ತಂಗಿಯಂತೂ ನಾಯಿ ಸಾಕು ಎನ್ನುತ್ತಾಳೆ.